ನಾಣ್ಯದ ಅಚ್ಚಿನ ದೋಷ ನೋಡಲು ಯುಎಸ್‌ಬಿ ಮೈಕ್ರೋಸ್ಕೋಪ್: ದೀಪ ಆರಿಸಿದರೆ ಒಳ್ಳೆಯ ಸಾಮಾನು

ಡಬ್ಬದ ಮೇಲೆ ‘1000 ಎಕ್ಸ್’, ಅಂದರೆ ಸಾವಿರ ಪಟ್ಟು, ಅಂತ ದಪ್ಪಕ್ಷರದಲ್ಲಿದೆ. ಆ ಸಂಖ್ಯೆ ನೋಡಿ ಯಾರೂ ಇದನ್ನು ತರಿಸಬೇಡಿ. ನಾಣ್ಯದಲ್ಲಿ ಟಂಕಸಾಲೆಯ ದೋಷ ಇದೆಯೋ ಇಲ್ಲವೋ ತಿಳಿಯಲು 10ರಿಂದ 40 ಪಟ್ಟು ದೊಡ್ಡದಾಗಿ ಕಂಡರೆ ಧಾರಾಳವಾಯಿತು. ಅಷ್ಟನ್ನು ಈ ಯುಎಸ್‌ಬಿ ಮೈಕ್ರೋಸ್ಕೋಪ್ ಚೆನ್ನಾಗಿಯೇ ಕೊಡುತ್ತದೆ. ಕೆಲಸ ಕೆಡಿಸುವುದು ಅದರ ಬಾಯಲ್ಲೇ ಕೂತಿರುವ ದೀಪ. ದೀಪ ಆರಿಸಿ ಬಳಸಲು ಕಲಿತವರಿಗೆ ಇದು ಒಳ್ಳೆಯ ಸಾಮಾನು. ದೀಪ ಹಾಕಿಕೊಂಡೇ ನೋಡಿದರೆ ಗೀರು ಕೂಡ ಬಿರುಕಿನ ಹಾಗೆ ಕಾಣುತ್ತದೆ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ.

ಸೋಮವಾರಪೇಟೆಯಲ್ಲಿ ನಮ್ಮದು ದಿನಸಿ ಅಂಗಡಿ. ಸಂತೆ ದಿನ ಸುತ್ತಲಿನ ಎಸ್ಟೇಟುಗಳ ಲೈನ್ ಮನೆಗಳಿಂದ, ಅಂದರೆ ಕಾರ್ಮಿಕರ ಸಾಲುಮನೆಗಳಿಂದ, ಜನ ಪೇಟೆಗೆ ಬರುತ್ತಾರೆ, ಸಂಜೆ ಹೊತ್ತಿಗೆ ಗಲ್ಲಾಪೆಟ್ಟಿಗೆ ಎತ್ತಲಾರದಷ್ಟು ಭಾರವಾಗಿರುತ್ತದೆ. ಹತ್ತು ರೂಪಾಯಿ ನಾಣ್ಯ ನಡೆಯೋದಿಲ್ಲ ಅಂತ ವಾಪಸ್ ಕೊಡುವವರು ನಮ್ಮ ಕಡೆ ಇನ್ನೂ ಇದ್ದಾರೆ. ಆವರೆಗೆ ಬಂದಿದ್ದ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಸ್ಪಷ್ಟವಾಗಿ ಹೇಳಿದೆ. ನಾನು ಎಲ್ಲವನ್ನೂ ತಗೊಳ್ಳುತ್ತೇನೆ, ಹಾಗಾಗಿ ಬೇರೆ ಕಡೆ ಬೇಡ ಅನಿಸಿಕೊಂಡದ್ದೂ ನಮ್ಮಲ್ಲಿಗೇ ಬಂದು ಸೇರುತ್ತದೆ. ರಾತ್ರಿ ಷಟರ್ ಎಳೆದ ಮೇಲೆ ಚಿಲ್ಲರೆ ವಿಂಗಡಿಸುವುದು ನನ್ನ ಪಾಲಿನ ಕೆಲಸ. ನಾಣ್ಯ ಯಾವ ಟಂಕಸಾಲೆಯದು ಅಂತ ಹೇಳುವ, ವರ್ಷದ ಕೆಳಗಿನ ಗುರುತು ನೋಡುವ ಅಭ್ಯಾಸ ಅಲ್ಲೇ ಹತ್ತಿತು. ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಗುಂಡಗಿನ ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇಷ್ಟು ಸಣ್ಣ ಗುರುತನ್ನು ದಿನಾ ಹುಡುಕುವ ಕಣ್ಣಿಗೆ ತಪ್ಪಾಗಿ ಅಚ್ಚಾದದ್ದು ಬೀಳದೇ ಇರುವುದಿಲ್ಲ.

ಅದಕ್ಕೆ ಮೊದಲಿಂದಲೂ ನನ್ನ ಹತ್ತಿರ ಹತ್ತು ಪಟ್ಟಿನ ಒಂದು ಲೂಪ್ ಇದೆ, ಕಣ್ಣಿಗೆ ಹಿಡಿದು ನೋಡುವ ಸಣ್ಣ ಭೂತಗನ್ನಡಿ, ಆಭರಣದ ಅಂಗಡಿಯವರು ಬಳಸುತ್ತಾರಲ್ಲ ಅಂಥದ್ದು. ಲೂಪ್ ಕಣ್ಣಿಗೆ ಹಿಡಿದರೆ ನನಗೆ ಕಾಣುತ್ತದೆ, ಎದುರಿಗೆ ನಿಂತವರಿಗೆ ಕಾಣುವುದಿಲ್ಲ. ಅಂಗಡಿಗೆ ಬರುವವರಲ್ಲಿ ಎಷ್ಟೋ ಜನ ಈಗ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಒಂದು ನಾಣ್ಯ ಮುಷ್ಟಿಯಲ್ಲಿ ಹಿಡಿದು ಬರುತ್ತಾರೆ. “ಅಕ್ಕಾ, ಇದಕ್ಕೆ ಲಕ್ಷ ರೂಪಾಯಿ ಬರ್ತದಂತೆ, ಹೌದಾ?” ಅಂತ ಕೇಳುತ್ತಾರೆ. ನಾನು ಲೂಪ್‌ನಲ್ಲಿ ನೋಡಿ ಇಲ್ಲ ಅಂದರೆ ಅವರ ಮುಖದಲ್ಲಿ ಅನುಮಾನ ಉಳಿಯುತ್ತದೆ. ಅದು ಸಹಜವೇ. ಅವರ ಕಣ್ಣಿಗೇ ಕಾಣಿಸಬೇಕು ಅಂತಲೇ ಈ ಮೈಕ್ರೋಸ್ಕೋಪ್ ತರಿಸಿದೆ.

ಸಾಮಾನಿನ ಬಗ್ಗೆ ಹೇಳುವುದಾದರೆ, ಬೆಲೆ ಸಾವಿರದ ನಾನೂರು ರೂಪಾಯಿಯ ಆಸುಪಾಸು. ಇದೇ ರೂಪದ್ದು ಹತ್ತಾರು ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ. ದಪ್ಪ ಮಾರ್ಕರ್ ಪೆನ್ನಿನ ಗಾತ್ರದ ಮೈ, ನಡುವೆ ಫೋಕಸ್ ತಿರುಗಿಸುವ ಬಳೆ, ಬಾಯಲ್ಲಿ ಸುತ್ತಲೂ ಎಂಟು ಎಲ್‌ಇಡಿ, ತಂತಿಯ ಮೇಲೆ ಬೆಳಕು ಹೆಚ್ಚುಕಮ್ಮಿ ಮಾಡುವ ಚಕ್ರ, ಒಂದು ಸ್ಟ್ಯಾಂಡ್. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ವಿಂಡೋಸ್‌ನಲ್ಲಿರುವ ಕ್ಯಾಮೆರಾ ಆ್ಯಪ್‌ನಲ್ಲೇ ಚಿತ್ರ ಬರುತ್ತದೆ, ಜೊತೆಗೆ ಕೊಟ್ಟ ಸಿ.ಡಿ. ಬೇಕಾಗಲಿಲ್ಲ. ನನ್ನ ಫೋನಿಗೆ ಓಟಿಜಿ (ಫೋನಿಗೆ ಯುಎಸ್‌ಬಿ ಸಾಮಾನು ಸಿಕ್ಕಿಸುವ ಕೊಂಡಿ) ಮೂಲಕ ಹಾಕಿದರೂ ನಡೆಯುತ್ತದೆ. ಕರೆಂಟ್ ಹೋದ ಸಂಜೆಗಳಲ್ಲಿ ಅದೇ ಅನುಕೂಲ.

‘ಪಟ್ಟು’ ಅನ್ನುವುದು ಪರದೆಯ ಗಾತ್ರದ ಮೇಲೆ ನಿಂತ ಲೆಕ್ಕ. ಲೆನ್ಸಿನ ಕೆಳಗೆ ಒಂದು ಉಕ್ಕಿನ ಸ್ಕೇಲ್ ಇಟ್ಟು ನೋಡಿದರೆ ಯಾರು ಬೇಕಾದರೂ ಅಳೆಯಬಹುದು. ಪರದೆಯ ಅಗಲ 34 ಸೆಂಟಿಮೀಟರ್ ಇದ್ದು, ಅದರಲ್ಲಿ ಸ್ಕೇಲಿನ 10 ಮಿಲಿಮೀಟರ್ ಈ ತುದಿಯಿಂದ ಆ ತುದಿಗೆ ತುಂಬಿದರೆ 34 ಪಟ್ಟು ಆಯಿತು. ಈ ಯಂತ್ರದಲ್ಲಿ ಚಿತ್ರ ಸ್ಪಷ್ಟವಾಗುವ ಜಾಗ ಎರಡೇ. ಬಾಯಿ ನಾಣ್ಯದಿಂದ ಒಂದೆರಡು ಅಂಗುಲ ಮೇಲಿದ್ದಾಗ ಒಂದು, ನಾಣ್ಯಕ್ಕೆ ಮುಟ್ಟುವಷ್ಟು ಹತ್ತಿರ ಇಳಿದಾಗ ಇನ್ನೊಂದು. ಎರಡನೆಯದನ್ನು ಮರೆತುಬಿಡಿ. ಅಷ್ಟು ಹತ್ತಿರಕ್ಕೆ ಹೋದರೆ ಅಕ್ಷರದ ತಲೆ ಸ್ಪಷ್ಟ ಇದ್ದಾಗ ಬುಡ ಮಸುಕು, ಪಕ್ಕದಿಂದ ಬೆಳಕು ಬಿಡಲೂ ಜಾಗವಿಲ್ಲ. ಸಾಫ್ಟ್‌ವೇರಿನಲ್ಲಿ ದೊಡ್ಡ ಮೆಗಾಪಿಕ್ಸೆಲ್ ಆರಿಸಿಕೊಂಡರೂ ಪ್ರಯೋಜನವಿಲ್ಲ, ಇದ್ದ ಚಿತ್ರವನ್ನೇ ಹಿಗ್ಗಿಸಿ ಕೊಡುತ್ತದೆ ಅಷ್ಟೆ.

ಈಗ ದೀಪದ ವಿಷಯ. ನಾಣ್ಯದ ದೋಷ ಪರೀಕ್ಷೆಯಲ್ಲಿ ಬಹುಪಾಲು ಪ್ರಶ್ನೆಗಳು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಕಾಣುತ್ತಿರುವುದು ಉಬ್ಬೋ, ತಗ್ಗೋ? ಅಚ್ಚು, ಅಂದರೆ ನಾಣ್ಯದ ಮೇಲೆ ಚಿತ್ರ ಒತ್ತುವ ಡೈ, ಬಿರುಕು ಬಿಟ್ಟಿದ್ದರೆ ಒತ್ತುವಾಗ ಲೋಹ ಆ ಬಿರುಕಿನೊಳಗೆ ನುಗ್ಗುತ್ತದೆ. ನಾಣ್ಯದ ಮೇಲೆ ಅದು ಸಣ್ಣ ಏಣಿನ ಹಾಗೆ ಎದ್ದು ನಿಲ್ಲುತ್ತದೆ. ಕಲ್ಲಿಗೋ ಬೀಗದ ಕೈಗೋ ಉಜ್ಜಿ ಆದ ಗೀರು ಒಳಗೆ ಕೊರೆದಿರುತ್ತದೆ. ಮೊದಲನೆಯದು ಟಂಕಸಾಲೆಯಲ್ಲಿ ಆದದ್ದು, ಎರಡನೆಯದು ಜೇಬಿನಲ್ಲಿ ಆದದ್ದು. ಬೆಲೆಯ ಮಾತು ಶುರುವಾಗುವುದೇ ಈ ವ್ಯತ್ಯಾಸದ ಮೇಲೆ. ಸುತ್ತಲೂ ಎಂಟು ಕಡೆಯಿಂದ ಒಂದೇ ಸಮ ಬೆಳಕು ಬಿದ್ದರೆ ನೆರಳೇ ಇರುವುದಿಲ್ಲ. ನೆರಳಿಲ್ಲದ ಮೇಲೆ ಉಬ್ಬಿದ್ದೂ ತಗ್ಗಿದ್ದೂ ಎರಡೂ ಬರೀ ಗೆರೆ. ಮೇಲಾಗಿ ಸ್ಟೇನ್‌ಲೆಸ್ ಸ್ಟೀಲಿನ ನಾಣ್ಯದ ಮೇಲೆ ಆ ಎಂಟು ಎಲ್‌ಇಡಿಗಳೂ ಎಂಟು ಬಿಳಿ ಚುಕ್ಕೆಯಾಗಿ ಹೊಳೆದು, ನೋಡಬೇಕಾದ ಜಾಗದ ಮೇಲೇ ಕೂರುತ್ತವೆ.

ನಾನು ಮಾಡುವುದು ಹೀಗೆ. ತಂತಿಯ ಚಕ್ರ ಪೂರ್ತಿ ತಿರುಗಿಸಿ ಎಲ್‌ಇಡಿ ಆರಿಸುತ್ತೇನೆ. ಮೇಜಿನ ದೀಪವನ್ನು ಪಕ್ಕದಲ್ಲಿ, ನಾಣ್ಯದಿಂದ ಸ್ವಲ್ಪವೇ ಎತ್ತರದಲ್ಲಿಟ್ಟು ಎಡ ಮೇಲಿನ ಮೂಲೆಯಿಂದ ಬೆಳಕು ಬೀಳುವ ಹಾಗೆ ಓರೆಯಾಗಿ ಬಗ್ಗಿಸುತ್ತೇನೆ. ಆಮೇಲೆ ಅನುಮಾನದ ಗೆರೆಯ ಪಕ್ಕದಲ್ಲೇ ಇರುವ ಒಂದು ಅಕ್ಷರ ನೋಡುತ್ತೇನೆ. ಅಕ್ಷರ ಉಬ್ಬಿರುತ್ತದೆ ಅನ್ನುವುದು ಖಚಿತ. ಅಕ್ಷರದ ಹೊಳಪು ಎಡಕ್ಕೆ, ನೆರಳು ಬಲಕ್ಕೆ ಇದ್ದು, ಗೆರೆಯದ್ದೂ ಹಾಗೇ ಇದ್ದರೆ ಗೆರೆ ಉಬ್ಬು. ತಿರುಗುಮುರುಗು ಇದ್ದರೆ ತಗ್ಗು. ಫೋಟೋ ಮಾತ್ರ ನೋಡಿದರೆ ನಮ್ಮ ಕಣ್ಣು ಉಬ್ಬನ್ನು ತಗ್ಗು ಅಂತಲೂ ತಗ್ಗನ್ನು ಉಬ್ಬು ಅಂತಲೂ ಸುಲಭವಾಗಿ ತಿಳಿದುಬಿಡುತ್ತದೆ. ಅದಕ್ಕೇ ಫೋಟೋದೊಳಗೆ ಒಂದು ಅಕ್ಷರವೋ ಅಂಕಿಯೋ ಬಂದಿರಲೇಬೇಕು. ಬರೀ ಗೆರೆಯನ್ನು ಪರದೆ ತುಂಬ ತುಂಬಿಸಿ ತೆಗೆದ ಫೋಟೋ ಎಷ್ಟು ಸ್ಪಷ್ಟವಾಗಿದ್ದರೂ ಅದರಿಂದ ತೀರ್ಮಾನ ಮಾಡಲಾಗದು. ಇದಾದ ಮೇಲೆ ನಾಣ್ಯವನ್ನು ಕಾಲು ಸುತ್ತು ತಿರುಗಿಸಿ, ದೀಪವನ್ನು ಕದಲಿಸದೆ, ಇನ್ನೊಂದು ಫೋಟೋ.

ಹೊಳಪು ಜಾಸ್ತಿಯಾದರೆ ಮೊಸರಿನ ಬಿಳಿ ಪ್ಲಾಸ್ಟಿಕ್ ಕಪ್ಪಿನ ತಳ ಕತ್ತರಿಸಿ ನಾಣ್ಯದ ಸುತ್ತ ಬಳೆಯ ಹಾಗೆ ಇಡುತ್ತೇನೆ, ದೀಪ ಆ ಪ್ಲಾಸ್ಟಿಕ್ ಮೂಲಕ ಸೋಸಿ ಬರುತ್ತದೆ. ಇದು ಸಂಗ್ರಹಕ್ಕೆ ಚೆಂದದ ಫೋಟೋ ಬೇಕಾದಾಗ ಮಾತ್ರ. ಉಬ್ಬು ತಗ್ಗು ನೋಡುವಾಗ ಕಪ್ ತೆಗೆದುಬಿಡಬೇಕು, ಮೃದು ಬೆಳಕಿನಲ್ಲಿ ನೆರಳು ಕರಗುತ್ತದೆ.

ನನಗೆ ಈ ಯಂತ್ರದಿಂದ ನಿಜವಾದ ಲಾಭ ಆಗಿದ್ದು ಜೋಡಿ ಅಕ್ಷರದ ವಿಷಯದಲ್ಲಿ. ಭಾರತದ ನಕಾಶೆ ಇರುವ ಹನ್ನೊಂದು ಮೂಲೆಯ ಹಳೆಯ ಎರಡು ರೂಪಾಯಿ ಒಂದನ್ನು ಲೈನ್ ಮನೆಯ ಅಜ್ಜ ಒಬ್ಬರು ತಂದಿದ್ದರು. ‘ಇಂಡಿಯಾ’ ಅಂತ ಇಂಗ್ಲಿಷಿನಲ್ಲಿರುವಲ್ಲಿ ‘ಎನ್’ ಅಕ್ಷರ ಬರಿಗಣ್ಣಿಗೇ ಎರಡಾಗಿ ಕಾಣುತ್ತಿತ್ತು. ಇದನ್ನು ‘ಡಬಲ್ ಡೈ’ ಅಂತ ಯಾರೋ ಹೇಳಿ ಕಳಿಸಿದ್ದರಂತೆ. ಡಬಲ್ ಡೈ ಅಂದರೆ ಅಚ್ಚನ್ನು ತಯಾರಿಸುವಾಗಲೇ ಚಿತ್ರ ಅದರ ಮೇಲೆ ಎರಡು ಸಲ, ಸ್ವಲ್ಪ ಸರಿದು, ಬಿದ್ದಿರಬೇಕು. ಹಾಗಾದಾಗ ಎರಡನೆಯ ಅಕ್ಷರವೂ ಮೊದಲನೆಯದರ ಹಾಗೇ ದುಂಡಗೆ ಉಬ್ಬಿರುತ್ತದೆ, ಅಕ್ಷರದ ಮೂಲೆಗಳಲ್ಲಿ ಕವಲೊಡೆದ ಸೀಳು ಕಾಣುತ್ತದೆ, ಒಟ್ಟು ಅಕ್ಷರ ಅಗಲವಾಗಿರುತ್ತದೆ. ಆ ಅಚ್ಚಿನಿಂದ ಬಂದ ಎಲ್ಲ ನಾಣ್ಯಗಳಲ್ಲೂ ಅದೇ ಇರುತ್ತದೆ. ಇದಲ್ಲದೆ ಇನ್ನೊಂದು ಬಗೆ ಇದೆ. ಒತ್ತಿ ಮುಗಿದ ಕ್ಷಣದಲ್ಲಿ ಸಡಿಲವಾದ ಅಚ್ಚು ಒಂದಿಷ್ಟು ಜಾರಿದರೆ, ಆಗಷ್ಟೇ ಎದ್ದ ಅಕ್ಷರದ ಅಂಚನ್ನು ಅದು ಸವರಿಬಿಡುತ್ತದೆ. ಇದಕ್ಕೆ ಮೆಷಿನ್ ಡಬ್ಲಿಂಗ್ ಅನ್ನುತ್ತಾರೆ. ಇಂಥವು ಬೇಕಾದಷ್ಟು ಸಿಗುತ್ತವೆ, ಸಂಗ್ರಹಕಾರರು ಇದಕ್ಕೆ ಹೆಚ್ಚಿನ ಬೆಲೆ ಕೊಡುವುದಿಲ್ಲ.

ಅಜ್ಜನನ್ನು ಕೂರಿಸಿ ನಾಣ್ಯ ಲೆನ್ಸಿನ ಕೆಳಗಿಟ್ಟು ಪಕ್ಕದ ದೀಪ ಹಚ್ಚಿದೆ. ಪರದೆಯ ಮೇಲೆ ‘ಎನ್’ ಅಂಗೈ ಅಗಲಕ್ಕೆ ಬಂತು. ಅಕ್ಷರದ ಬಲಕ್ಕೆ ಇನ್ನೊಂದು ಅಕ್ಷರದ ಹಾಗೆ ಕಾಣುತ್ತಿದ್ದದ್ದು ಮನೆಯ ಮೆಟ್ಟಿಲಿನ ಹಾಗೆ ಚಪ್ಪಟೆ, ಅಕ್ಷರಕ್ಕಿಂತ ತಗ್ಗಿನಲ್ಲಿ, ಕತ್ತಿಯಲ್ಲಿ ಸವರಿದಷ್ಟು ನುಣುಪು. ಮೂಲೆಗಳಲ್ಲಿ ಸೀಳಿಲ್ಲ. ನಿಜವಾದ ‘ಎನ್’ ಕಾಲು ಪಕ್ಕದ ‘ಡಿ’ ಅಕ್ಷರದ ಕಾಲಿಗಿಂತ ಸಪೂರ ಆಗಿತ್ತು, ಯಾಕೆಂದರೆ ಆ ಮೆಟ್ಟಿಲು ಆದದ್ದೇ ಅದರ ಮೈಯಿಂದ. ಇನ್ನೊಂದು ಮಾಮೂಲಿ ಎರಡು ರೂಪಾಯಿ ಪಕ್ಕದಲ್ಲಿಟ್ಟು ಅದರ ‘ಎನ್’ ಕೂಡ ತೋರಿಸಿದೆ. ಅಜ್ಜ ಎರಡನ್ನೂ ಬಹಳ ಹೊತ್ತು ನೋಡಿ, “ಇದು ಜಾರಿದ್ದು ಅಲ್ವಾ ಅಕ್ಕಾ, ಎರಡು ಸಲ ಬಿದ್ದಿದ್ದಲ್ಲ” ಅಂದರು. ನಾನು ಬಾಯಿಬಿಟ್ಟು ಹೇಳುವ ಮೊದಲೇ ಅವರೇ ಹೇಳಿದ್ದು ಅದು. ಲೂಪ್ ಹಿಡಿದು ಎಷ್ಟು ವಿವರಿಸಿದ್ದರೂ ಇದು ಆಗುತ್ತಿರಲಿಲ್ಲ. ಈ ಸಾಮಾನಿಗೆ ಕೊಟ್ಟ ಮೂರೂವರೆಯಲ್ಲಿ ದೊಡ್ಡ ಪಾಲು ಇದಕ್ಕೇ.

ಇಲ್ಲೊಂದು ಮಾತು ಹೇಳಲೇಬೇಕು. ಹಳೆಯ ನಾಣ್ಯ ನೋಟು ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿ, ಕಮಿಷನ್ ಕಟ್ಟಿ ಅಂತ ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಫೋನ್ ಮಾಡುವವರಿದ್ದಾರೆ. ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕಾಗಿ ಯಾವ ಹಣವನ್ನೂ ಕೇಳುವುದಿಲ್ಲ ಅಂತ ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆಯನ್ನೇ ಕೊಟ್ಟಿದೆ. ವಾರದ ಬಟವಾಡೆ ನಂಬಿ ಬದುಕುವವರು ಇಂಥ ಕರೆಗೆ ದುಡ್ಡು ಕಳೆದುಕೊಳ್ಳಬಾರದು. ನಾಣ್ಯ ತಂದವರಿಗೆಲ್ಲ ನಾನು ಇದನ್ನು ಹೇಳುತ್ತೇನೆ.

ಯಂತ್ರದಿಂದ ಆಗದ ಕೆಲಸ ಕೆಲವಿವೆ. ಇಡೀ ನಾಣ್ಯ ಒಂದೇ ಫೋಟೋದಲ್ಲಿ ಬರಬೇಕಾದರೆ ಇದು ಕಷ್ಟ. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಅಗಲ, ಅಷ್ಟನ್ನು ಹಿಡಿಯಲು ಸ್ಟ್ಯಾಂಡ್ ತೀರಾ ಮೇಲಕ್ಕೆ ಹೋಗಬೇಕು, ಅಂಚು ಮಸುಕಾಗುತ್ತದೆ. ಅದಕ್ಕೆ ಫೋನೇ ವಾಸಿ. ಫೋನನ್ನು ನಾಣ್ಯದ ಮೂತಿಗೆ ಹಿಡಿಯದೆ ಒಂದು ಅಡಿ ದೂರ ಇಟ್ಟು ಎರಡು ಪಟ್ಟು ಜೂಮ್ ಮಾಡಿ ತೆಗೆದರೆ ಗುಂಡಗಿನದು ಗುಂಡಗೇ ಬರುತ್ತದೆ. ಮುಂಭಾಗ, ಹಿಂಭಾಗ, ಅಂಚು, ಮೂರೂ ಬೇಕು. ಯಾರಿಗಾದರೂ ಅಭಿಪ್ರಾಯಕ್ಕೆ ಕಳಿಸುವುದಾದರೆ ಮೊದಲು ಇವು, ಆಮೇಲೆ ಮೈಕ್ರೋಸ್ಕೋಪಿನ ಹತ್ತಿರದ ಚಿತ್ರ. ಬರೀ ಹತ್ತಿರದ ಚಿತ್ರ ಕಳಿಸಿದರೆ ಯಾವ ನಾಣ್ಯದ ಯಾವ ಜಾಗ ಅಂತಲೇ ತಿಳಿಯುವುದಿಲ್ಲ.

ನಾಣ್ಯದ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ತುಂಡು ಹೋಗಿದ್ದರೂ ಮೈಕ್ರೋಸ್ಕೋಪ್ ಬೇಡ, ಬರಿಗಣ್ಣು ಸಾಕು. ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಮೊದಲೇ ಕತ್ತರಿಸಿದ ತೂತಿನ ಮೇಲೆ ಬಿದ್ದದ್ದಾದರೆ, ತುಂಡು ಹೋದ ಜಾಗದ ನೇರ ಎದುರಿನ ಅಂಚು ಸಾಮಾನ್ಯವಾಗಿ ಸೊರಗಿರುತ್ತದೆ. ಅರದಿಂದ ಉಜ್ಜಿದ್ದಾದರೆ ಎದುರಿನ ಅಂಚು ಗಟ್ಟಿಯಾಗಿಯೇ ಇರುತ್ತದೆ. ಆಮೇಲೆ ಉಜ್ಜಿದ ಗುರುತು ಹುಡುಕಲು ಬೇಕಿದ್ದರೆ ಲೆನ್ಸಿನ ಕೆಳಗಿಡಿ. ಒಂದು ಕಡೆಯ ಚಿತ್ರ ಇನ್ನೊಂದು ಕಡೆಯಲ್ಲಿ ಕನ್ನಡಿಯೊಳಗಿನ ಹಾಗೆ ತಿರುಗಿ, ತಗ್ಗಾಗಿ ಬಂದಿದ್ದರೆ ಅದು ಬ್ರೋಕೇಜ್, ನಿಜಕ್ಕೂ ಅಪರೂಪ. ಆದರೆ ಎರಡು ನಾಣ್ಯಗಳನ್ನು ವೈಸಿಗೆ (ಕಬ್ಬಿಣ ಕೆಲಸದವರು ಸಾಮಾನು ಬಿಗಿಯುವ ಹಿಡಿತಕ್ಕೆ) ಹಾಕಿ ಬಿಗಿದರೂ ತಿರುಗಿದ ಅಕ್ಷರ ಮೂಡುತ್ತದೆ. ಆಗ ಕೆಳಗಿನ ಮೂಲ ಚಿತ್ರ ಜಜ್ಜಿ ಚಪ್ಪಟೆಯಾಗಿ ಅಲ್ಲೇ ಉಳಿದಿರುತ್ತದೆ. ಎಲ್‌ಇಡಿ ಆರಿಸಿ ಪಕ್ಕದ ಬೆಳಕಿನಲ್ಲಿ ನೋಡಿದರೆ ಆ ಜಜ್ಜಿದ ಚಿತ್ರ ಕಾಣುತ್ತದೆ.

ಇನ್ನು ತೂಕ. ಮೈಕ್ರೋಸ್ಕೋಪಿಗಿಂತ ಮೊದಲು ಒಂದು ಗ್ರಾಮಿನ ನೂರನೆಯ ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಕೊಳ್ಳಿ ಅಂತಲೇ ನನ್ನ ಸಲಹೆ. ತೆಳ್ಳಗೆ, ಅಕ್ಷರ ಮಾಸಿದ ಹಾಗೆ ಇರುವ ಸ್ಟೀಲಿನ ಒಂದು ರೂಪಾಯಿ ತಂದು ‘ಮಿಸ್ ಪ್ರಿಂಟ್’ ಅನ್ನುವವರಿದ್ದಾರೆ. 1992ರಿಂದ ಬಂದ 25 ಮಿಲಿಮೀಟರಿನ ಒಂದು ರೂಪಾಯಿ 4.85 ಗ್ರಾಂ ಇರಬೇಕು, 2011ರಿಂದ ಬಂದ ಚಿಕ್ಕದು 3.79 ಗ್ರಾಂ. ತೂಕವೂ ಕಡಿಮೆ, ಅಗಲವೂ ಕುಗ್ಗಿದೆ, ಅಕ್ಷರವೂ ಎಲ್ಲ ಕಡೆ ಒಂದೇ ಸಮ ಮಾಸಿದೆ ಅಂದರೆ ಅದು ಆಸಿಡ್ಡಿನಲ್ಲಿ ಕರಗಿದ್ದು ಇರಬೇಕು. ಅಚ್ಚಿನಲ್ಲಿ ಗ್ರೀಸ್ ತುಂಬಿ ಅಕ್ಷರ ಮೂಡದೇ ಇದ್ದದ್ದಾದರೆ ಮಸುಕು ಒಂದು ಕಡೆ ಮಾತ್ರ ಇರುತ್ತದೆ, ತೂಕ ಸರಿಯಾಗಿರುತ್ತದೆ. ಅಯಸ್ಕಾಂತವೂ ಇರಲಿ. ಸ್ಟೀಲಿನ ರೂಪಾಯಿ ಅಂಟುತ್ತದೆ, ತಾಮ್ರ ನಿಕ್ಕಲ್ ಬೆರೆಸಿದ ಹಳೆಯದು ಅಂಟುವುದಿಲ್ಲ.

ಸಿಟ್ಟು ಬಂದದ್ದು ಸ್ಟ್ಯಾಂಡಿನ ಮೇಲೆ. ನನಗೆ ಬಂದದ್ದರ ತಳ ಬರೀ ಪ್ಲಾಸ್ಟಿಕ್, ಕುತ್ತಿಗೆ ಸಡಿಲ. ಮೈಮೇಲೆ ಫೋಟೋ ತೆಗೆಯುವ ಗುಂಡಿ ಇದೆ, ಅದನ್ನು ಒತ್ತಿದರೆ ಇಡೀ ಯಂತ್ರ ಅಲುಗಿ ಚಿತ್ರ ಕದಲುತ್ತದೆ. ಆ ಗುಂಡಿ ಇಟ್ಟವರು ಒಂದು ಸಲವಾದರೂ ಅದನ್ನು ಒತ್ತಿ ನೋಡಬೇಕಿತ್ತು. ಲ್ಯಾಪ್‌ಟಾಪಿನ ಪರದೆಯಲ್ಲಿರುವ ಗುಂಡಿಯಿಂದಲೇ, ಅದೂ ಎರಡು ಸೆಕೆಂಡಿನ ಟೈಮರ್ ಹಾಕಿ ತೆಗೆಯಬೇಕು. ತಳದ ಮೇಲೆ ಅಂಗಡಿಯ ಒಂದು ಕೆ.ಜಿ. ತೂಕದ ಕಲ್ಲು ಇಟ್ಟ ಮೇಲೆ ಸ್ವಲ್ಪ ಸುಧಾರಿಸಿತು. ಬದಲಾಯಿಸಿ ಕೊಡಿ ಅಂತ ಮಾರಿದವರಿಗೆ ಬರೆದದ್ದಕ್ಕೆ ಉತ್ತರ ಬಂತು, ಸ್ಟ್ಯಾಂಡ್ ಬರಲಿಲ್ಲ.

ಇನ್ನೊಂದು ನಮ್ಮ ಕಡೆಯದೇ ತೊಂದರೆ, ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಡಗಿನಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಲೆನ್ಸನ್ನು ಬಿಟ್ಟೀತೆ? ಬಳಸಿದ ಮೇಲೆ ಒರೆಸಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಪೊಟ್ಟಣಗಳನ್ನು ಆಗಾಗ ಬದಲಾಯಿಸಬೇಕು. ನಾಣ್ಯಗಳಿಗೂ ಇದೇ ಕಾಳಜಿ ಬೇಕು. ಪಿವಿಸಿ ಪ್ಲಾಸ್ಟಿಕ್ಕಿನ ಮೆತ್ತನೆಯ ಆಲ್ಬಮ್ಮಿನಲ್ಲಿ ತೇವ ಸೇರಿದರೆ ತಾಮ್ರ ಇರುವ ನಾಣ್ಯದ ಮೇಲೆ ಹಸಿರು ಅಂಟು ಕಟ್ಟುತ್ತದೆ. ಆ ಹಸಿರಿನ ಕೆಳಗೆ ಅಚ್ಚಿನ ಬಿರುಕು ಇದ್ದರೂ ಕಾಣದು. ಕಾಗದದ ಚೌಕಟ್ಟಿನ ಹೋಲ್ಡರ್ ವಾಸಿ. ಫೋಟೋಗೆ ಹೊಳೆಯಲಿ ಅಂತ ಹುಣಸೆಹುಳಿ, ವಿಭೂತಿ, ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ, ದಯವಿಟ್ಟು. ಉಜ್ಜಿದ ನಾಣ್ಯ ಈ ಲೆನ್ಸಿನ ಕೆಳಗೆ ಕೂದಲೆಳೆಯಂಥ ಸಾವಿರ ಗೀರುಗಳಾಗಿ ಕಾಣುತ್ತದೆ. ಕೊಳ್ಳುವವರಿಗೂ ಅದು ಕಾಣುತ್ತದೆ, ಇದ್ದ ಬೆಲೆಯೂ ಹೋಗುತ್ತದೆ.

ಲೂಪ್ ಇನ್ನೂ ನನ್ನ ಕೈಗೆ ಮೊದಲು ಬರುವ ಸಾಧನ. ಮುನ್ನೂರು ನಾಣ್ಯ ವಿಂಗಡಿಸುವಾಗ ಒಂದೊಂದನ್ನೂ ಪರದೆಗೆ ತರುತ್ತಾ ಕೂರಲು ಆಗುವುದಿಲ್ಲ. ಲೂಪ್ ಹಿಡಿದು ನಾಣ್ಯವನ್ನು ಬೆರಳಲ್ಲಿ ಓಲಾಡಿಸಿದರೆ ಬೆಳಕು ತಾನೇ ಸರಿದಾಡಿ ಉಬ್ಬು ತಗ್ಗು ಕ್ಷಣದಲ್ಲಿ ತಿಳಿಯುತ್ತದೆ. ಅನುಮಾನ ಬಂದದ್ದು, ಇನ್ನೊಬ್ಬರಿಗೆ ತೋರಿಸಬೇಕಾದದ್ದು, ಫೋಟೋ ಮಾಡಿ ಇಟ್ಟುಕೊಳ್ಳಬೇಕಾದದ್ದು ಮಾತ್ರ ಮೈಕ್ರೋಸ್ಕೋಪಿನ ಕೆಳಗೆ ಹೋಗುತ್ತದೆ. ಆದ್ದರಿಂದ ಈಗಷ್ಟೇ ಶುರು ಮಾಡುವವರು ಮೊದಲು ಒಳ್ಳೆಯ ಹತ್ತು ಪಟ್ಟಿನ ಲೂಪ್, ಆಮೇಲೆ ತಕ್ಕಡಿ, ಅದಾದ ಮೇಲೆ ಇದನ್ನು ಕೊಳ್ಳಿ. ತರಿಸುವಾಗ ಕಬ್ಬಿಣದ ತಳದ ಸ್ಟ್ಯಾಂಡ್ ಇರುವುದನ್ನೇ ನೋಡಿ, ಇನ್ನೂರು ಮುನ್ನೂರು ಜಾಸ್ತಿಯಾದರೂ ಪರವಾಗಿಲ್ಲ. ಎಲ್‌ಇಡಿ ಪೂರ್ತಿ ಆರುತ್ತದೆಯೋ, ಬರೀ ಮಂದವಾಗುತ್ತದೆಯೋ ಅಂತ ಮೊದಲೇ ಕೇಳಿಕೊಳ್ಳಿ. ಪೂರ್ತಿ ಆರದೇ ಇರುವಂಥದ್ದಾದರೆ ಬೇಡ.